ಅಕ್ಕನ ಪರವಾಗಿ ಕೇಳಬೇಕಾದವರು

ಅಕ್ಕ ತೀರಿಕೊಂಡು ಎಂಟು ದಿನವಾಗಿತ್ತು. ಭಾನುವಾರ ಮಧ್ಯಾಹ್ನ ಮನೆಯವರು ಊಟಕ್ಕೆ ಕುಳಿತಿದ್ದಾಗ ಲಾಂಡ್ರಿಯ ಮ್ಯಾನೇಜರು ಬಾಗಿಲು ತಟ್ಟಿದರು. ಅವರ ಕೈಯಲ್ಲಿ ಒಂದು ಲಕೋಟೆ, ಒಂದು ಬೆರಳಚ್ಚಿನ ಹಾಳೆ, ಮೇಲೊಂದು ಪೆನ್ನು. ಸಾವಿನ ಮನೆಗೆ ಬರುವಾಗ ಪೆನ್ನನ್ನೂ ಮರೆಯದೆ ತರುವ ಮನುಷ್ಯನ ವಿಷಯದಲ್ಲಿ ಎಚ್ಚರವಾಗಿರಬೇಕೆಂದು ಯಾವ ಶಾಲೆಯೂ ಕಲಿಸುವುದಿಲ್ಲ, ಕಲಿಸಬೇಕಾಗಿತ್ತು.

“ಊಟ ಮಾಡಿ, ಊಟ ಮಾಡಿ. ನನ್ನದೇನು, ಎರಡು ನಿಮಿಷದ ಕೆಲಸ,” ಎನ್ನುತ್ತ ಅವರು ಇದ್ದ ಒಂದೇ ಖಾಲಿ ಕುರ್ಚಿಯಲ್ಲಿ ಕುಳಿತರು. ಅದು ಅಕ್ಕನ ಕುರ್ಚಿ.

ಆ ಮನೆಯ ಯಜಮಾನ ನಗರದ ಬಸ್ಸಿನ ಚಾಲಕ. ಸತ್ತವಳು ಅವನಿಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾಗದೆ ತಮ್ಮನ ಸಂಸಾರದ ಜೊತೆಯಲ್ಲೇ ಉಳಿದವಳು; ಹೋಟೆಲು, ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಅಲ್ಲಿಯ ನೀರು ಹಿಂಡುವ ಯಂತ್ರದೊಳಗಿನ ಪೀಪಾಯಿ ಇನ್ನೂ ತಿರುಗುತ್ತಿರುವಾಗಲೇ ಅದರ ಮುಚ್ಚಳ ತೆರೆದುಕೊಂಡಿತ್ತು. ಹಸಿ ಬಟ್ಟೆಯ ಜೊತೆಗೆ ಅವಳ ತೋಳನ್ನೂ ಅದು ಎಳೆದುಕೊಂಡಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಚಾಲಕ ಎಂಜಲು ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡೇ, “ಏನು ಸಾರ್ ಇದು?” ಎಂದು ಕೇಳಿದ.

“ಕಂಪನಿಯ ನೆರವು. ನೀವು ಸೈನ್ ಹಾಕಿ, ಲಕೋಟೆ ಇಟ್ಕೊಳ್ಳಿ. ಅಷ್ಟೇ.”

ಅವನು ಕೈ ತೊಳೆಯಲು ಏಳುವಷ್ಟರಲ್ಲಿ ಹದಿನೈದು ವರ್ಷದ ಮಗಳು ಹಾಳೆಯನ್ನು ಎಳೆದುಕೊಂಡು ಓದತೊಡಗಿದ್ದಳು. ಸೋದರತ್ತೆ ಅವಳಿಗೆ ‘ಪ್ರಶ್ನೆಪತ್ರಿಕೆ’ ಎಂದು ಹೆಸರಿಟ್ಟಿದ್ದಳು. ಅದು ಸುಮ್ಮನೆ ಇಟ್ಟ ಹೆಸರಾಗಿರಲಿಲ್ಲ.

“ಅಪ್ಪ, ‘ಮೃತಳ ಅಜಾಗರೂಕತೆಯಿಂದ’ ಅಂತ ಬರೆದಿದಾರೆ. ಅತ್ತೆ ಅಜಾಗರೂಕಳಾ? ಹಾಲು ಉಕ್ಕತ್ತೆ ಅಂತ ಒಲೆ ಮುಂದೆ ಪೊಲೀಸ್ ಥರ ನಿಲ್ತಿದ್ಳು!”

“ಅದೆಲ್ಲ ಬರೆಯೋ ಕ್ರಮ, ಪುಟ್ಟಿ,” ಎಂದರು ಮ್ಯಾನೇಜರು.

“‘ಮೃತಳ ವಾರಸುದಾರನಾದ ನಾನು ಮುಂದೆ ಯಾವ ಪ್ರಶ್ನೆಯನ್ನೂ ಎತ್ತುವುದಿಲ್ಲ.’ ವಾರಸುದಾರ ಅಂದ್ರೆ ಯಾರು?”

“ಮನೆಯವರು ಅಂತ. ಯಾರಾದ್ರೂ ಒಬ್ಬರು.”

“ಯಾರಾದ್ರೂ ಅಂದ್ರೆ ನಾನೂ ಆಗ್ಬಹುದಾ? ನಾನು ಪ್ರಶ್ನೆ ಎತ್ತಲ್ಲ ಅಂತ ಬರ್ಕೊಟ್ರೆ ನನ್ನ ಟೀಚರೂ ನಂಬಲ್ಲ.”

ಚಾಲಕನಿಗೆ ನಗು ಬರಲಿಲ್ಲ. ಆದರೆ ಅವನು ಕೈ ತೊಳೆದು ಬಂದವನು ಪೆನ್ನನ್ನು ಮುಟ್ಟಲಿಲ್ಲ. “ಪೇಪರ್ ಬಿಟ್ಟು ಹೋಗಿ ಸಾರ್. ಓದಿ ಹೇಳ್ತೀನಿ.”

ಮ್ಯಾನೇಜರು ಹಾಳೆಯನ್ನು ಬಿಟ್ಟು ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಎದ್ದರು. ಬಾಗಿಲು ಮುಚ್ಚಿದ ಕೂಡಲೇ ಹೆಂಡತಿ ಸಿಡಿದಳು. ಅವಳು ಮನೆಯಲ್ಲೇ ಪರದೆ, ದಿಂಬಿನ ಚೀಲ ಹೊಲಿದುಕೊಡುವವಳು.

“ಓದಿ ಏನ್ ಹೇಳ್ತೀರಿ? ಅತ್ತಿಗೆ ಅರ್ಧ ಬಾಡಿಗೆ ಕೊಡ್ತಿದ್ರು. ಒಂದನೇ ತಾರೀಖು ಅರ್ಧ ಮನೆ ಖಾಲಿ ಮಾಡೋದಾ? ಅಡುಗೆಮನೆ ಬಿಟ್ಟುಕೊಡ್ಲಾ, ಬಚ್ಚಲು ಬಿಟ್ಟುಕೊಡ್ಲಾ?”

“ಅಕ್ಕಂದೇ ತಪ್ಪು ಅಂತ ನಾನು ಸೈನ್ ಹಾಕ್ಲಾ?”

“ಹಾಕಿ ಅಂದೆನಾ? ಲಕೋಟೆ ವಾಪಸ್ ಹೋಯ್ತಲ್ಲ ಅಂದೆ.”

“ಎರಡೂ ಒಂದೇ.”

“ಒಂದೇ ಅಲ್ಲ,” ಎಂದಳು ಮಗಳು. “ಯಾರಾದ್ರೂ ಒಬ್ಬರು ಸೈನ್ ಹಾಕಿದ್ರೆ ಪ್ರಶ್ನೆ ಮುಗಿಯತ್ತೆ ಅಂದ್ರೆ, ಯಾರಾದ್ರೂ ಒಬ್ಬರು ಹಾಕದೆ ಪ್ರಶ್ನೆ ಕೇಳ್ಬಹುದು ಅಂತ ತಾನೆ? ಅದ್ಯಾರು ಅಂತ ತಿಳ್ಕೊಬೇಕು.”

ಸತ್ತವಳ ಬಾಯಿ ಮುಚ್ಚಿದೆಯೆಂಬ ಧೈರ್ಯದಿಂದ ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟಿ, ಅದಕ್ಕೆ ಅವಳ ಮನೆಯವರಿಂದಲೇ ಸಹಿ ಪಡೆಯುವುದು ಎಂಥ ನೀಚತನವೆಂದು ದೊಡ್ಡವರಿಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಬಾಡಿಗೆಯ ದಿನ ಎದುರಿಗಿತ್ತು. ಹುಡುಗಿಗೆ ಬಾಡಿಗೆಯ ಚಿಂತೆ ಇಲ್ಲದ್ದರಿಂದ ಅವಳು ಸರಿಯಾದ ಪ್ರಶ್ನೆಯನ್ನು ಕೇಳಿದಳು.

*

ಹೆಂಡತಿ ಒಮ್ಮೆ ಒಬ್ಬ ವಕೀಲೆಯ ಕಚೇರಿಗೆ ಪರದೆ ಹೊಲಿದುಕೊಟ್ಟಿದ್ದಳು. ಆ ಗುರುತಿನ ಮೇಲೆ ಮುಂದಿನ ಬುಧವಾರ ಮೂವರೂ ಅಲ್ಲಿಗೆ ಹೋದರು. ವಕೀಲೆ ಮೊದಲು ಪರದೆಯ ಅಂಚು ಬಿಚ್ಚಿಹೋದದ್ದನ್ನು ತೋರಿಸಿದರು. ಆಮೇಲೆ ಮ್ಯಾನೇಜರ ಹಾಳೆಯನ್ನು ಓದಿದರು.

“ಸೈನ್ ಹಾಕದೆ ಇದ್ದದ್ದು ಒಳ್ಳೇದಾಯ್ತು. ಬೇರೆಯವರ ತಪ್ಪಿನಿಂದ ಸಾವಾಗಿದ್ರೆ ಪರಿಹಾರ ಕೇಳ್ಬಹುದು. ಆದ್ರೆ ಬೀದೀಲಿ ಹೋಗೋರೆಲ್ಲ ಕೇಳಕ್ಕಾಗಲ್ಲ. ಹಕ್ಕಿಲ್ಲದವರು ಅರ್ಜಿ ಹಾಕಿದ್ರೆ ಬಾಗಿಲಲ್ಲೇ ವಾಪಸ್. ಆಮೇಲೆ ಆ ಯಂತ್ರದ ಮುಚ್ಚಳ ಯಾಕೆ ತೆರ್ಕೊಂಡ್ತು ಅಂತ ಯಾರೂ ಕೇಳಲ್ಲ. ಅದಕ್ಕೇ ಮೊದಲು ಇದನ್ನ ಹೇಳಿ: ಅವರಿಗೆ ಗಂಡ?”

“ಇಲ್ಲ,” ಎಂದ ಚಾಲಕ.

“ಮಕ್ಕಳು? ದತ್ತು ತಗೊಂಡವರು?”

“ಇಲ್ಲ.”

“ನಾನು?” ಎಂದಳು ಹುಡುಗಿ. “ನನ್ನ ಫೀಸು ಅತ್ತೇನೇ ಕಟ್ತಿದ್ದದ್ದು. ದಿನಾ ಜಡೆ ಹಾಕ್ತಿದ್ದದ್ದೂ ಅವಳೇ.”

ವಕೀಲೆ ನಕ್ಕರು. “ಜಡೆಗೆ ಕಾಯ್ದೇಲಿ ಜಾಗ ಇಲ್ಲಮ್ಮ. ಅಲ್ಲಿರೋದು ಮೆಟ್ಟಿಲು. ಮೊದಲನೇ ಮೆಟ್ಟಿಲಲ್ಲಿ ಗಂಡ ಹೆಂಡತಿ, ಮಕ್ಕಳು. ಅವರಿಲ್ಲದಿದ್ರೆ ತಂದೆತಾಯಿ. ಅವರೂ ಬದುಕಿಲ್ಲ ಅಂದ್ರೆ ಮಾತ್ರ ಒಡಹುಟ್ಟಿದವರು; ಅದೂ ಅವರ ಆಸರೇಲಿ ಇದ್ದವರು. ಅರ್ಧ ಬಾಡಿಗೆ, ಹುಡುಗಿ ಫೀಸು ಅಂತೀರಲ್ಲ, ಅದನ್ನ ತೋರಿಸಬಹುದು. ತಾಯಿ ಇದಾರಾ?”

“ಹೋಗಿ ಹನ್ನೆರಡು ವರ್ಷ ಆಯ್ತು.”

“ತಂದೆ?”

“ಇಲ್ಲ.”

“ಇಲ್ಲ ಅಂದ್ರೆ?”

“ತೀರ್ಕೊಂಡ್ರು. ನಾನು ಚಿಕ್ಕವನಿದ್ದಾಗಲೇ.”

“ಸಾವಿನ ಪ್ರಮಾಣಪತ್ರ?”

“ನನ್ನ ಹಾಸ್ಟೆಲ್ ದಾಖಲೇಲಿ ಇದೆ.”

“ಹಾಸ್ಟೆಲಿನವರು ಊಟ ಕೊಡ್ತಾರೆ, ಸಾವಿನ ಪ್ರಮಾಣಪತ್ರ ಕೊಡಲ್ಲ. ಇರಲಿ. ತಂದೆ ತಾಯಿ ಯಾರೂ ಜೀವಂತ ಇಲ್ಲ ಅಂತ ನೀವು ಪ್ರಮಾಣ ಮಾಡಿ ಬರ್ಕೊಡಿ. ಆಮೇಲೆ ಅರ್ಜಿ ನಿಮ್ಮ ಹೆಸರಲ್ಲೇ ಹಾಕೋಣ.”

“ಬರ್ಕೊಡ್ತೀನಿ,” ಎಂದು ಚಾಲಕ ಹೇಳಿದ. ಅವನ ಹೆಂಡತಿಗೆ ನೆಮ್ಮದಿಯಾಯಿತು. ಮದುವೆಯಾದ ಹದಿನೇಳು ವರ್ಷಗಳಿಂದ ಅವಳು ಮಾವನ ಸುದ್ದಿ ಕೇಳಿದ್ದು ಇಷ್ಟೇ: ಬೋರ್ಡು ಬರೆಯುತ್ತಿದ್ದರು, ಬೇಗ ಹೋಗಿಬಿಟ್ಟರು.

*

ತಂದೆತಾಯಿ ಬದುಕಿಲ್ಲವೆಂಬ ಆ ಪ್ರಮಾಣಪತ್ರ ಸಿದ್ಧವಾಗಲು ಒಂದು ವಾರ ಬೇಕಿತ್ತು. ಆ ವಾರದ ಕೊನೆಯಲ್ಲಿ, ಶನಿವಾರ ಸಂಜೆ, ಲಾಂಡ್ರಿಯ ಹೆಂಗಸೊಬ್ಬಳು ಕಂಕುಳಲ್ಲಿ ಒಂದು ಗಂಟು ಇರಿಸಿಕೊಂಡು ಬಂದಳು. ಯಾವ ಹಾಸು ಯಾವ ಹೋಟೆಲಿನದೆಂದು ತಿಳಿಯಲು ಪ್ರತಿಯೊಂದರ ಮೂಲೆಗೆ ಬಣ್ಣದ ದಾರದ ಗುರುತು ಹೊಲಿಯುವುದು ಅವಳ ಕೆಲಸ. ಅದಕ್ಕೇ ಎಲ್ಲರಿಗೂ ಅವಳು ದಾರದಮ್ಮ.

“ಲಾಂಡ್ರೀಲಿ ನಿಮ್ಮತ್ತಿಗೆ ಪೆಟ್ಟಿಗೇಲಿ ಇದ್ದದ್ದು. ಒಗೆದು ಇಸ್ತ್ರಿ ಮಾಡಿಟ್ಟಿದ್ದು ಹಾಗೇ ಇತ್ತು. ತಲುಪಿಸ್ಬೇಕಲ್ಲ?”

ಗಂಟಿನಲ್ಲಿ ಎರಡು ಗಂಡಸರ ಅಂಗಿ, ಒಂದು ಪ್ಯಾಂಟು, ಒಂದು ಟವೆಲ್ಲು. ಎಲ್ಲದರ ಮೂಲೆಯಲ್ಲೂ ಹಸಿರು ದಾರ. ಹೆಂಡತಿ ಅಂಗಿಯ ಕುತ್ತಿಗೆಪಟ್ಟಿಯನ್ನು ಗೇಣಿನಿಂದ ಅಳೆದಳು. ಹೊಲಿಯುವವಳ ಕಣ್ಣಿಗೆ ಸುಳ್ಳು ಹೇಳಲಾಗದು.

“ಇದು ನಮ್ಮೆಜಮಾನ್ರದ್ದಲ್ಲ. ಅವರ ಕತ್ತು ಇದರಲ್ಲಿ ಹಿಡಿಯಲ್ಲ.”

“ಹಾಗಾದ್ರೆ ಯಾರದು?” ಹುಡುಗಿಯ ಕಣ್ಣು ಅರಳಿತು. “ಅಮ್ಮ, ಅತ್ತೆಗೆ ಯಾರಾದ್ರೂ...?”

“ಬಾಯ್ಮುಚ್ಚು,” ಎಂದ ಹೆಂಡತಿ, ತಾನೂ ಅದನ್ನೇ ಯೋಚಿಸುತ್ತಿದ್ದುದರಿಂದ ದಾರದಮ್ಮನ ಕಡೆಗೆ ಚಹಾ ತಳ್ಳಿ, ದನಿ ತಗ್ಗಿಸಿ ಕೇಳಿದಳು: “ಹೌದಾ, ಅಕ್ಕಾ?”

“ಅಯ್ಯೋ ನಿಮ್ಮ! ತಂದೆ ಬಟ್ಟೆ ಕಣ್ರಮ್ಮ. ನಮ್ಮಲ್ಲಿ ಕೆಲಸದವರು ವಾರಕ್ಕೊಂದು ಗಂಟು ಮನೆ ಬಟ್ಟೆ ಒಗ್ಕೊಬಹುದು. ಆದ್ರೆ ತಂದೇನೋ, ತಾಯೀನೋ, ಗಂಡ ಮಕ್ಕಳೋ, ಪುಸ್ತಕದಲ್ಲಿ ಬರೆಸಿ ಸೈನ್ ಹಾಕ್ಬೇಕು. ನಿಮ್ಮತ್ತಿಗೆ ನಾಲ್ಕು ವರ್ಷದಿಂದ ‘ತಂದೆ’ ಅಂತ ಬರೆಸ್ತಿದ್ರು. ಸೋಮವಾರ ಸೋಮವಾರ ತಗೊಂಡು ಹೋಗಿ ಕೊಟ್ಟು ಬರೋರು. ನಾನೇ ಗುರುತು ಹಾಕಿದೀನಲ್ಲ!”

ಪಾಳಿ ಮುಗಿಸಿ ಬಂದ ಚಾಲಕ ಹೊಸ್ತಿಲಲ್ಲೇ ಈ ಮಾತನ್ನು ಕೇಳಿಸಿಕೊಂಡ. ಅವನು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಅಂಗಿಯನ್ನು ಕೈಗೆ ತೆಗೆದುಕೊಂಡ. ತೋಳಿನ ಮೇಲೆ, ಎಷ್ಟು ಒಗೆದರೂ ಹೋಗದ ನೀಲಿ ಬಣ್ಣದ ಕಲೆಗಳಿದ್ದವು.

“ಬದುಕಿದಾನಾ ಅವನು?”

“ಏನ್ರೀ ಹಾಗಂದ್ರೆ?” ಎಂದಳು ಹೆಂಡತಿ. “ಮಾವ ಸತ್ತಿದಾರೆ ಅಂತ ನೀವೇ ತಾನೆ ಹೇಳಿದ್ದು?”

“ಮನೆ ಬಿಟ್ಟು ಹೋದ. ನನಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಒಂದು ಕಾಗದ ಇಲ್ಲ, ಸುದ್ದಿ ಇಲ್ಲ. ಹಾಸ್ಟೆಲಲ್ಲಿ ತಂದೆ ಇಲ್ಲದ ಹುಡುಗರಿಗೆ ಮಾತ್ರ ಜಾಗ ಇತ್ತು. ‘ತಂದೆ: ಮರಣ’ ಅಂತ ನಾನೇ ಬರೆದೆ. ಅಮ್ಮನಿಗೆ ಸೈನ್ ಹಾಕೋಕೆ ಬರ್ತಿರ್ಲಿಲ್ಲ, ಪೋಷಕರು ಅನ್ನೋ ಜಾಗದಲ್ಲಿ ಅಕ್ಕ ಹಾಕಿದ್ಳು. ಬರೆದ ಮೇಲೆ ಮುಗೀತು. ನನ್ನ ಪಾಲಿಗೆ ಸತ್ತ.”

“ಅತ್ತೆ ಪಾಲಿಗೆ?” ಎಂದಳು ಮಗಳು.

ದಾರದಮ್ಮನಿಗೆ ಮಾತ್ರ ವಿಷಯ ಬೇಗ ಅರ್ಥವಾಯಿತು. ವಕೀಲೆಯ ಮಾತು, ಮೆಟ್ಟಿಲಿನ ಲೆಕ್ಕ ಎಲ್ಲವನ್ನೂ ಹುಡುಗಿಯ ಬಾಯಿಂದ ಕೇಳಿ ತಿಳಿದುಕೊಂಡು ಅವಳು ಲೋಟ ಕೆಳಗಿಟ್ಟಳು. “ಅಂದ್ರೆ ಆ ಮುದುಕ ಬದುಕಿದ್ರೆ ಕೇಸು ಅವನದು, ಸತ್ತಿದ್ರೆ ನಿಮ್ಮದು. ಬದುಕಿದಾನೆ ಅಂತ ಬರೆದಿರೋದು ನನ್ನ ಪುಸ್ತಕದಲ್ಲಿ ಮಾತ್ರ. ಅದಿರೋದು ನನ್ನ ಮೇಜಿನ ಖಾನೇಲಿ. ಒಂದು ದಿನ ಸೋಪಿನ ನೀರಲ್ಲಿ ಬೀಳಬಹುದಪ್ಪ. ಲಾಂಡ್ರಿ ಅಂದ್ಮೇಲೆ ನೀರು ಇರಲ್ವಾ?”

“ಯೋಚನೆ ಮಾಡಿ ಹೇಳ್ತೀವಿ, ಅಕ್ಕಾ,” ಎಂದಳು ಹೆಂಡತಿ, ಗಂಡನ ಮುಖ ನೋಡದೆ.

*

ಮುಂದಿನ ನಾಲ್ಕು ದಿನ ಆ ಮನೆಯಲ್ಲಿ ತಟ್ಟೆಗಳು ಮಾತನಾಡಿದವು. ಗಂಜಿ ಬಡಿಸುವ ಸೌಟು ಪಾತ್ರೆಗೆ ಬಡಿಯುತ್ತಿತ್ತು. ಚಾಲಕ ಮೊಟ್ಟೆಯನ್ನು ಬಿಡಿಸಿ ತಿನ್ನದೆ ಎದ್ದುಹೋಗುತ್ತಿದ್ದ.

“ಬಿಟ್ಟು ಹೋದವರು ಬಿಟ್ಟು ಹೋದವರೇ,” ಎಂದಳು ಹೆಂಡತಿ ಮೂರನೆಯ ದಿನ. “ಸಾಕಿದವರು ನೀವಿಬ್ಬರು ಒಬ್ಬರನ್ನೊಬ್ಬರು. ಹೊತ್ತಿಗೆ ಅನ್ನ ಹಾಕಿದ್ದು ನಾನು. ಅತ್ತಿಗೆಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡಿದ್ದು ಯಾರು, ಅವರಾ? ಕಾಯ್ದೆ ಅನ್ನೋದಕ್ಕೆ ಕಣ್ಣಿಲ್ವಾ?”

“ಇಲ್ಲ ಅಂತ ಕಾಣತ್ತೆ.”

“ಹಾಗಿದ್ರೆ ಕಣ್ಣಿಲ್ಲದ್ದಕ್ಕೆ ಸುಳ್ಳು ಹೇಳಿದ್ರೆ ತಪ್ಪೇನು?”

ಅವಳು ಕೆಟ್ಟವಳಲ್ಲ. ಹಗಲಿಡೀ ಬಾಗಿ ಹೊಲಿದು ಬೆನ್ನು ನೋಯುವ ಹೆಂಗಸು. ಕಾನೂನು ತನ್ನನ್ನು ನೋಡದಿದ್ದಾಗ ತಾನೂ ಕಾನೂನನ್ನು ನೋಡಬೇಕಾಗಿಲ್ಲವೆಂದು ತೀರ್ಮಾನಿಸಿದ ಲಕ್ಷಾಂತರ ಮಂದಿಯಲ್ಲಿ ಒಬ್ಬಳು. ಹೀಗೆ ತೀರ್ಮಾನಿಸುವಂತೆ ಅವರನ್ನು ದೂಡಿದವರು ಯಾವ ಕಟಕಟೆಯಲ್ಲೂ ನಿಲ್ಲುವುದಿಲ್ಲ ಎಂಬುದೇ ಹೇಸಿಗೆಯ ಮಾತು.

ಹುಡುಗಿ ಮಾತ್ರ ಸುಮ್ಮನಿರಲಿಲ್ಲ. ಅಂಚು ಹೊಲಿದ ಪರದೆಯನ್ನು ಕೊಡುವ ನೆಪದಲ್ಲಿ ಶಾಲೆಯಿಂದ ನೇರವಾಗಿ ವಕೀಲೆಯ ಕಚೇರಿಗೆ ಹೋದಳು.

“ಮೇಡಂ, ನಮ್ಮನೆ ವಿಷಯ ಅಲ್ಲ. ಸುಮ್ನೆ ಕೇಳ್ತಿದೀನಿ. ಒಬ್ಬ ಅಪ್ಪ ಮಕ್ಕಳನ್ನ ಬಿಟ್ಟು ಓಡಿಹೋದ. ಆಮೇಲೆ ಮಗಳು ಸತ್ತಳು. ಅವನಿಗೂ ಹಕ್ಕಿದೆಯಾ?”

“ಇದೆ.”

“ಒಂದು ದಿನವೂ ಸಾಕದಿದ್ರೂ?”

“ಅವನು ಒಳ್ಳೆಯವನಾ ಅಂತ ಕಾಯ್ದೆ ಕೇಳಲ್ಲ. ಬದುಕಿದಾನಾ ಅಂತ ಕೇಳತ್ತೆ. ಎಷ್ಟು ಕೊಡ್ಬೇಕು ಅನ್ನೋವಾಗ ಮಾತ್ರ, ಮಗಳು ಹೋದದ್ದರಿಂದ ಅವನು ಏನು ಕಳ್ಕೊಂಡ ಅಂತ ನೋಡ್ತಾರೆ.”

“ವಾರಕ್ಕೆ ಎರಡು ಅಂಗಿ ಒಗೆದುಕೊಡ್ತಿದ್ಳು ಅಂದ್ರೆ?”

ವಕೀಲೆ ಕನ್ನಡಕ ತೆಗೆದು ಅವಳನ್ನು ನೋಡಿದರು. “ನಿಮ್ಮನೆ ವಿಷಯ ಅಲ್ಲದ್ದಕ್ಕೆ ನಿನಗೆ ಅಂಗಿ ಲೆಕ್ಕ ಕೂಡ ಗೊತ್ತಲ್ಲ! ನಿಮ್ಮಪ್ಪನಿಗೆ ಹೇಳು: ಪ್ರಮಾಣಪತ್ರ ನನ್ನ ಮೇಜಿನ ಮೇಲಿದೆ. ಸುಳ್ಳಿದ್ರೆ ಅದಕ್ಕೆ ನನ್ನ ಕೈಯಿಂದ ಪೆನ್ನು ಕೊಡಲ್ಲ.”

ಅವಳು ಅದನ್ನು ಅಪ್ಪನಿಗೆ ಹೇಳಿದಳು. ಬೇರೆ ವಕೀಲರು ಊರು ತುಂಬ ಇದ್ದಾರೆ ಎಂದು ಅವನು ಹೇಳಿದ. ಆಡುವಾಗ ಅವನಿಗೇ ಆ ಮಾತು ರುಚಿಸಲಿಲ್ಲ.

ಬುಧವಾರ ಸಂಜೆ ದಾರದಮ್ಮ ಉತ್ತರ ಕೇಳಲು ಬಂದಳು. ಮನೆಯವರು ಬ್ರೆಡ್ಡು, ಆಲೂಗೆಡ್ಡೆ ಪಲ್ಯ ತಿನ್ನುತ್ತಿದ್ದರು. ಅವಳಿಗೂ ಒಂದು ತಟ್ಟೆ ಇಟ್ಟರು.

“ಹೆದರ್ಕೋಬೇಡಿ. ಆ ಮುಚ್ಚಳದ ಬೀಗ ಕೆಟ್ಟು ನಾಲ್ಕು ತಿಂಗಳಾಗಿತ್ತು. ಬೀಗದ ಬಾಯಿಗೆ ಒಂದು ಮರದ ಬೆಣೆ ತುರುಕಿದ್ರು. ಮುಚ್ಚಳ ತೆಗೆದಿದ್ರೂ ಯಂತ್ರಕ್ಕೆ ಮುಚ್ಚಿದೆ ಅಂತಲೇ ಲೆಕ್ಕ, ನಿಲ್ಲೋದೇ ಇಲ್ಲ. ನಿಮ್ಮಕ್ಕ ಹೋದ ಅರ್ಧ ಗಂಟೇಲಿ ಆ ಬೆಣೆ ಮಾಯ. ಸಂಜೆಗೆ ಹೊಸ ಬೀಗ! ಅವರು ಬೆಣೆ ಬಚ್ಚಿಟ್ರು, ನಾನು ಪುಸ್ತಕ ಬಚ್ಚಿಡ್ತೀನಿ. ಅಲ್ಲಿಗೆ ಸರಿಹೋಯ್ತು.”

ಚಾಲಕ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗಿಟ್ಟ.

“ಏನಂದ್ರಿ?”

“ಸರಿಹೋಯ್ತು ಅಂದೆ.”

“ಸರಿಹೋಗತ್ತೆ. ಅವರೂ ನಾವೂ ಸರಿಸಮ ಆಗ್ತೀವಿ.” ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. “ಬೇಡ. ಪುಸ್ತಕ ಇದ್ದಲ್ಲೇ ಇರಲಿ.”

“ಬಾಡಿಗೆ?” ಎಂದಳು ಹೆಂಡತಿ.

“ರಾತ್ರಿ ಪಾಳಿ ಹೆಚ್ಚಿಗೆ ತಗೋತೀನಿ. ಸಿಕ್ಕದಿದ್ರೆ ಚಿಕ್ಕ ಮನೆಗೆ ಹೋಗೋಣ. ಆ ಬೆಣೆ ಇಟ್ಟೋರು ಯಾರು ಅಂತ ನನಗೆ ಬೇಕು. ಅದನ್ನ ಕೇಳೋ ಬಾಯಿ ಸುಳ್ಳು ಹೇಳಿಕೊಂಡು ಹೋಗ್ಬಾರದು.” ಆಮೇಲೆ ದಾರದಮ್ಮನ ಕಡೆ ತಿರುಗಿದ. “ಬೆಣೆ ವಿಷಯ ಮೊದಲೇ ಯಾಕೆ ಹೇಳ್ಲಿಲ್ಲ?”

“ಯಾರು ಕೇಳಿದ್ರು ನನ್ನ? ಪೊಲೀಸರು ಮ್ಯಾನೇಜರ ರೂಮಲ್ಲಿ ಕೂತು ಬರ್ಕೊಂಡು ಹೋದ್ರು. ಕೇಳೋ ಜಾಗದಲ್ಲಿ ಕೇಳಿದ್ರೆ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ, ಸೂಜಿ ನನ್ನದೇ.”

*

ಸೋಮವಾರ ಚಾಲಕ ರಜೆ ಹಾಕಿದ. ದಾರದಮ್ಮ ಹೇಳಿದ ಗುರುತು ಹಿಡಿದು, ಗಂಟನ್ನು ಮಗಳ ಕೈಗೆ ಕೊಟ್ಟು, ಅವಳ ಜೊತೆ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಓಣಿಗೆ ಹೋದ. ಒಂದೇ ಕೋಣೆ. ಗೋಡೆಗೆ ಒರಗಿಸಿದ ಅರ್ಧ ಬರೆದ ಬೋರ್ಡುಗಳು. ಡಬ್ಬಿಯಲ್ಲಿ ಒಣಗಿದ ಕುಂಚಗಳು. ಕೈ ನಡುಗುವ ಒಬ್ಬ ಮುದುಕ ಬನಿಯನ್ನಿನಲ್ಲಿ ಕುಳಿತಿದ್ದ. ಅವನ ಕಣ್ಣು ಮನುಷ್ಯರಿಗಿಂತ ಮೊದಲು ಗಂಟಿನ ಮೇಲೆ ಹೋಯಿತು.

“ಅವಳು ಯಾಕೆ ಬರ್ಲಿಲ್ಲ? ಮೂರು ಸೋಮವಾರ ಆಯ್ತು. ಬನಿಯನ್ನಲ್ಲೇ ಓಡಾಡ್ತಿದೀನಿ.”

ಅವನಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸಬೇಕಾದವರಲ್ಲಿ ಯಾರಿಗೂ ಅವನು ಬದುಕಿರುವುದು ಗೊತ್ತಿರಲಿಲ್ಲ. ಚಾಲಕ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಬೈಗುಳಗಳೆಲ್ಲ ಅಲ್ಲಿ ಕೆಲಸಕ್ಕೆ ಬಾರದೆ ಹೋದವು.

“ಅಕ್ಕ ಇಲ್ಲ,” ಎಂದ. “ಲಾಂಡ್ರಿ ಯಂತ್ರಕ್ಕೆ ಸಿಕ್ಕಿ ಸತ್ತಳು. ಮೂರು ವಾರ ಮೇಲಾಯ್ತು.”

ಮುದುಕ ಅವನ ಮುಖವನ್ನು ಬಹಳ ಹೊತ್ತು ನೋಡಿದ. “ಅಕ್ಕ ಅಂದೆಯಲ್ಲ. ನೀನು ಚಿಕ್ಕವನಾ?”

“ಹೂಂ.”

“ಕೂತ್ಕೊ.”

“ಕೂರಲ್ಲ.”

ಕೂತದ್ದು ಹುಡುಗಿ. ಮುದುಕ ಒಗೆದ ಅಂಗಿಯನ್ನು ತೆಗೆದು, ಗುಂಡಿಗಳನ್ನು ತಪ್ಪು ತಪ್ಪಾಗಿ ಹಾಕಿಕೊಂಡು, ಮತ್ತೆ ಬಿಚ್ಚಿ, ಮತ್ತೆ ಹಾಕಿಕೊಂಡ. ಅಳುವುದನ್ನು ಅವನು ಗೋಡೆಯ ಕಡೆಗೆ ತಿರುಗಿ ಮಾಡಿದ. ಬಳಿಕ ಹುಡುಗಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ: ಆ ಲಾಂಡ್ರಿಯ ಗೇಟಿನ ಬೋರ್ಡನ್ನು ನಾಲ್ಕು ವರ್ಷದ ಹಿಂದೆ ಬರೆದವನು ತಾನೇ, ಏಣಿಯ ಮೇಲಿದ್ದಾಗ ಒಬ್ಬ ಹೆಂಗಸು ಕೆಳಗೆ ನಿಂತು, ‘ಇಳೀರಿ, ನಿಮ್ಮ ಹತ್ರ ಮಾತಿದೆ’ ಅಂದಳು, ಇಳಿದ ಮೇಲೆ ಅರ್ಧ ಗಂಟೆ ಬೈದಳು, ಮಾರನೆಯ ಸೋಮವಾರ ಬಂದು ಬಟ್ಟೆ ತೆಗೆದುಕೊಂಡು ಹೋದಳು. ಕೈ ನಡುಗತೊಡಗಿದ ಮೇಲೆ ಕೋಣೆಯ ಬಾಡಿಗೆಯೂ ಅವಳದೇ.

“ನಮ್ಮನ್ನ ಯಾಕೆ ಬಿಟ್ಟು ಹೋದ್ರಿ ಅಂತ ಕೇಳ್ಲಿಲ್ವಾ ಅತ್ತೆ?”

“ಪ್ರತಿ ಸೋಮವಾರ ಕೇಳ್ತಿದ್ಳು.”

“ಏನಂದ್ರಿ?”

“ಉತ್ತರ ಇದ್ದಿದ್ರೆ ಒಂದು ಸೋಮವಾರಕ್ಕೇ ಮುಗೀತಿತ್ತು, ಮಗೂ.”

*

ಕಾಗದಪತ್ರಗಳು ಸಿದ್ಧವಾಗುವವರೆಗೆ ಮುದುಕ ಎರಡು ದಿನಕ್ಕೊಮ್ಮೆ ಮನೆಗೆ ಊಟಕ್ಕೆ ಬಂದ. ಬರಹೇಳಿದವಳು ಹೆಂಡತಿ, ಬಂದ ಮೇಲೆ ಹಲ್ಲು ಕಚ್ಚಿದವಳೂ ಅವಳೇ. ಅವನಿಗೆ ಅನ್ನ ಬಿಸಿಯಾಗಿರಬೇಕು, ಸೊಪ್ಪಿಗೆ ಉಪ್ಪು ಕಡಿಮೆಯಿರಬೇಕು, ಲೋಟ ಬಲಗಡೆ ಇರಬೇಕು.

“ಮಾವ, ಮೂವತ್ತಮೂರು ವರ್ಷ ಎಲ್ಲಿ ಉಂಡ್ರೋ ಅಲ್ಲಿ ಲೋಟ ಯಾವ ಕಡೆ ಇಡ್ತಿದ್ರು?”

“ಅಲ್ಲಿ ಲೋಟಾನೇ ಇರ್ಲಿಲ್ಲಮ್ಮ. ಅದಕ್ಕೇ ಸಿಕ್ಕ ಕಡೆ ಕೇಳ್ತೀನಿ.”

ಹುಡುಗಿ ನಕ್ಕಳು. ಚಾಲಕ ತಟ್ಟೆಯಿಂದ ತಲೆ ಎತ್ತಲಿಲ್ಲ. ಒಂದೇ ಮೇಜಿನಲ್ಲಿ ಉಂಡರೂ ಅವನು ಅಪ್ಪನಿಗೆ ಹೇಳಬೇಕಾದ್ದನ್ನೆಲ್ಲ ಮಗಳ ಮೂಲಕ ಹೇಳುತ್ತಿದ್ದ: “ಉಪ್ಪು ಬೇಕಾ ಕೇಳು.” “ನಾಳೆ ವಕೀಲರ ಹತ್ರ ಹೋಗ್ಬೇಕು ಅಂತ ಹೇಳು.”

ಕೊನೆಗೆ ಒಂದು ಸಂಜೆ ಹೆಂಡತಿ ಸೌಟು ಕೈಯಲ್ಲಿ ಹಿಡಿದೇ ಕೇಳಿಬಿಟ್ಟಳು. “ಮಾವ, ಮುಚ್ಚುಮರೆ ಯಾಕೆ. ದುಡ್ಡು ಬಂದ್ರೆ ಯಾರಿಗೆ?”

“ಕಾಗದದಲ್ಲಿ ಯಾರ ಹೆಸರಿದೆ?”

“ನಿಮ್ಮದು.”

“ಹಾಗಾದ್ರೆ ನನಗೆ.”

“ನೋಡಿದ್ರಾ!” ಅವಳು ಗಂಡನ ಕಡೆ ತಿರುಗಿದಳು. “ನಾಚಿಕೆಗಾದ್ರೂ ಒಂದು ಮಾತು ಬೇಡ್ವಾ?”

“ನಿಮಗೇ ಕೊಡ್ತೀನಿ ಅಂತ ಸುಳ್ಳು ಹೇಳ್ಬೇಕಿತ್ತಾ?” ಮುದುಕ ಅನ್ನ ಕಲಸುತ್ತ ಹೇಳಿದ. “ಕೋಣೆ ಬಾಡಿಗೆ ಎರಡು ತಿಂಗಳು ನಿಂತಿದೆ. ಕೈ ನಡುಗತ್ತೆ. ನನಗೆ ಬೇಕು. ಉಳಿದ್ರೆ ನೋಡೋಣ. ನಾನು ಮಾತು ಕೊಟ್ಟು ಉಳಿಸ್ಕೊಂಡ ಮನುಷ್ಯ ಅಲ್ಲ, ಅದಕ್ಕೇ ಮಾತು ಕೊಡಲ್ಲ.”

ಚಾಲಕ ಆಗ ಆ ಮೇಜಿನಲ್ಲಿ ಮೊದಲ ಬಾರಿ ಅಪ್ಪನ ಜೊತೆ ನೇರವಾಗಿ ಮಾತನಾಡಿದ. “ದುಡ್ಡು ಏನಾದ್ರೂ ಮಾಡ್ಕೊಳ್ಳಿ. ಆದ್ರೆ ಮ್ಯಾನೇಜರು ನಿಮ್ಮ ಹತ್ರ ಲಕೋಟೆ ತಗೊಂಡು ಬಂದ್ರೆ?”

“ನಿನ್ನೆ ಬಂದಿದ್ದ.”

ಮೂವರೂ ಊಟ ನಿಲ್ಲಿಸಿದರು.

“ಬಟ್ಟೆ ಪುಸ್ತಕದಲ್ಲಿ ‘ತಂದೆ’ ಅಂತ ನೋಡಿ ಹುಡುಕ್ಕೊಂಡು ಬಂದನಂತೆ. ದಪ್ಪ ಲಕೋಟೆ. ನಾನು ಆ ಗೇಟಿನ ಬೋರ್ಡು ಬರೆದವನು ಅಂತ ಅವನಿಗೆ ಗೊತ್ತೇ ಇಲ್ಲ. ಕಾಗದ ಓದಿ ಹೇಳಪ್ಪ ಅಂದೆ, ನನಗೆ ಸಣ್ಣ ಅಕ್ಷರ ಕಾಣಲ್ಲ. ‘ಮೃತಳ ಅಜಾಗರೂಕತೆಯಿಂದ’ ಅಂದ. ನಾನು ಅಂದೆ, ನಾಲ್ಕು ವರ್ಷ ನನ್ನ ಅಂಗಿಗೆ ಒಂದು ಗುಂಡಿ ಕಳ್ಕೊಳ್ಳದೆ ತಂದುಕೊಟ್ಟ ಹೆಂಗಸು ಕಣಯ್ಯ ಅವಳು, ಎದ್ದು ಹೋಗು ಅಂತ.”

ಹೆಂಡತಿ ಅವನ ತಟ್ಟೆಗೆ ಮತ್ತೊಂದು ಸೌಟು ಅನ್ನ ಹಾಕಿದಳು. ಅದು ಬಿಸಿಯಾಗಿತ್ತು.

*

ಅರ್ಜಿ ಹಾಕುವ ಕಚೇರಿಯಲ್ಲಿ ಉದ್ದನೆಯ ಸಾಲು. ಗಾಜಿನ ಕಿಂಡಿಯ ಹಿಂದೆ ಒಬ್ಬ ಗುಮಾಸ್ತ. ವಕೀಲೆ ಕಾಗದಗಳನ್ನು ಜೋಡಿಸಿ ಒಳಗೆ ತಳ್ಳಿದರು.

“ಮೃತಳು ನಿಮಗೆ ಏನಾಗ್ಬೇಕು?” ಎಂದು ಗುಮಾಸ್ತ ಮುದುಕನನ್ನು ಕೇಳಿದ.

“ಮಗಳು.”

“ಇವರು?”

“ಇವರ ಮಗ,” ಎಂದ ಚಾಲಕ.

“ಅರ್ಜೀಲಿ ನಿಮ್ಮ ಹೆಸರಿಲ್ಲ.”

“ನನಗೆ ಹಕ್ಕಿಲ್ಲ. ಅವರಿಗೆ ಅಕ್ಷರ ಕಾಣಲ್ಲ, ಓದಿ ಹೇಳೋಕೆ ಬಂದೆ.”

ಗುಮಾಸ್ತ ಹಾಳೆ ತಿರುವುತ್ತ ಒಂದರ ಬಳಿ ನಿಂತ. ಕಿಂಡಿಯ ಗದ್ದಲದಲ್ಲಿ ಕೇಳಿಸಲೆಂದು ಗಟ್ಟಿಯಾಗಿ ಓದಿದ: “‘ನನ್ನ ತಂದೆ ತೀರಿಕೊಂಡಿದ್ದಾರೆಂದು ನಾನು ಹಿಂದೆ ಹಾಸ್ಟೆಲಿನ ದಾಖಲೆಯಲ್ಲಿ ಬರೆದುಕೊಟ್ಟದ್ದು ಸುಳ್ಳು. ಅವರು ಜೀವಂತವಾಗಿದ್ದಾರೆ.’ ಇದು ಯಾರ ಹೇಳಿಕೆ?”

“ನನ್ನದು.”

“ಇದಕ್ಕೆ ಸೈನ್ ನನ್ನ ಮುಂದೆ ಆಗ್ಬೇಕು. ಹಳೇ ಸುಳ್ಳಿಗೆ ಯಾರಾದ್ರೂ ನಿಮ್ಮನ್ನ ಕೇಳಿದ್ರೆ ಉತ್ತರ ಹೇಳ್ಬೇಕಾಗತ್ತೆ, ಗೊತ್ತಲ್ಲ?”

“ಹೇಳ್ತೀನಿ.”

ಮುದುಕ ಮಗನ ಕಡೆ ತಿರುಗಿದ. ಈ ವಿಷಯವನ್ನು ಅವನಿಗೆ ಯಾರೂ ಹೇಳಿರಲಿಲ್ಲ.

“ಏನಾಗಿ ಸತ್ತೆ ಅಂತ ಬರೆದಿದ್ದೆ?”

ಚಾಲಕ ತಡಮಾಡಿ ಹೇಳಿದ. “ಜ್ವರ.”

ಮುದುಕ ಅದನ್ನು ತೂಗಿ ನೋಡುವವನಂತೆ ತಲೆಯಾಡಿಸಿದ. “ಜ್ವರ ಪರವಾಗಿಲ್ಲ. ನಾನು ಇನ್ನೂ ಕೆಟ್ಟದ್ದಕ್ಕೆ ತಯಾರಾಗಿದ್ದೆ.”

ಚಾಲಕ ಸಹಿ ಹಾಕಿದ. ಮುದುಕನ ಕೈ ನಡುಗುತ್ತಿದ್ದುದರಿಂದ ಅವನ ಸಹಿಗೆ ಹೆಚ್ಚು ಹೊತ್ತು ಹಿಡಿಯಿತು. ಹಾಳೆ ಜಾರದಂತೆ ಮಗ ಅದರ ಅಂಚನ್ನು ಅಂಗೈಯಿಂದ ಒತ್ತಿಹಿಡಿದ. ಗುಮಾಸ್ತ ಮೊಹರು ಬಡಿದು, ಸಂಖ್ಯೆ ಬರೆದ ಚೀಟಿಯನ್ನು ಹೊರಗೆ ತಳ್ಳಿದ.

“ಮುಂದೆ?” ಎಂದಳು ಹುಡುಗಿ.

“ಮುಂದೇನು? ನೀವು ಕೇಳಿದ್ದಾಯ್ತು. ಲಾಂಡ್ರಿಯವರಿಗೆ ನೋಟಿಸು ಹೋಗತ್ತೆ. ಇನ್ನು ಮೂವತ್ತು ದಿನದೊಳಗೆ ಅವರು ಉತ್ತರ ಹೇಳ್ಬೇಕು,” ಎಂದು ಗುಮಾಸ್ತ ಮುಂದಿನವರ ಕಾಗದಕ್ಕೆ ಕೈಚಾಚಿದ.